ಕಾಕಾನ ವೇಗಕ್ಕೆ ಕಿರುಚಿದ ದನಿ

ಹೆಡ್‌ಫೋನನ್ನು ಕಿವಿಯಿಂದ ಕಿತ್ತು ಮೇಜಿನ ಮೇಲೆ ಎಸೆದ ಸದ್ದು ನನಗೆ ಫೋನಿನಲ್ಲೇ ಕೇಳಿಸಿತು. ಹಿಂದೆಯೇ ಕಾಕಾನ ದನಿ ಬಂತು.

"ಏನವಾ, ಇದು ಮಾತಾಡೂ ಸಾಫ್ಟ್‌ವೇರೋ, ಕುತ್ತಿಗಿ ಹಿಚುಕಿದ ಕೋಳಿಯೋ? ಮತ್ತ ಚೀರಿತು ನೋಡು. ಕಿವಿ ಹರಿದು ಕೈಯಾಗ ಬಂತು."

"ಏನ್ ಓದೂ ಮುಂದ ಚೀರಿತ್ರಿ ಕಾಕಾ?"

"ಅದನ್ನ ಕೇಳಿಸ್ಕೊಳ್ಳಾಕ ಕಿವಿ ಎಲ್ಲಿ ಉಳದಾವ?"

ಕಾಕಾ ನನ್ನ ಸ್ವಂತ ಚಿಕ್ಕಪ್ಪನಲ್ಲ. ಸಿಕಂದರಾಬಾದ್ ಹತ್ತಿರದ ನಾಚಾರಂ ಆಚೆಗಿನ ಒಂದು ಕೇಂದ್ರ ಸರ್ಕಾರಿ ಕಾರ್ಖಾನೆಯಲ್ಲಿ ನಮ್ಮಪ್ಪ ಲೇತ್ ನಡೆಸುತ್ತಿದ್ದ ಕಾಲದಿಂದಲೂ ಅವರು ಅಲ್ಲಿ ಟೆಲಿಫೋನ್ ಆಪರೇಟರ್. ಊರು ಗುಲ್ಬರ್ಗಾ ಕಡೆ. ಹುಟ್ಟಿನಿಂದ ಕಣ್ಣು ಕಾಣದು. ನಾಲಿಗೆ ಮಾತ್ರ ಇಬ್ಬರಿಗಾಗುವಷ್ಟು ಚುರುಕು. ಹಳೆಯ ಎಕ್ಸ್‌ಚೇಂಜ್ ಇದ್ದಾಗ ಅವರಿಗೆ ಯಾರ ಹಂಗೂ ಇರಲಿಲ್ಲ, ಎಲ್ಲ ನಂಬರೂ ಬಾಯಲ್ಲೇ ಇದ್ದವು. ಈ ಕಿರುಚಾಟ ಶುರುವಾದ ವರ್ಷ ಹೊಸ ಎಕ್ಸ್‌ಚೇಂಜ್ ಬಂತು. ನಂಬರುಗಳೆಲ್ಲ ಬದಲಾದವು, ಬದಲಾಗುತ್ತಲೇ ಹೋದವು. ಇನ್ನು ಆಪರೇಟರ್ ಕಂಪ್ಯೂಟರಿನ ಪರದೆ ನೋಡಿ ಲೈನ್ ಕೊಡಬೇಕು. ಕಾಕಾನಿಗೆ ಪರದೆಯನ್ನು ಓದಿ ಹೇಳುವ ಸಾಫ್ಟ್‌ವೇರ್ ಬೇಕಾಯಿತು. ಅಂಗಡಿಯಲ್ಲಿ ಸಿಗುತ್ತಿದ್ದದ್ದರ ಬೆಲೆ ಕೇಳಿಯೇ ಆಫೀಸು ಕೈ ಚೆಲ್ಲಿತು. ಟಪಾಲು ವಿಭಾಗದಲ್ಲಿ ಒಂದು ಕುರ್ಚಿ ಹಾಕಿಕೊಡುತ್ತೇವೆ, ಕೆಲಸವೇನೂ ಇರುವುದಿಲ್ಲ, ಸಂಬಳ ಬರುತ್ತಿರುತ್ತದೆ ಎಂದು ಆಡಳಿತಾಧಿಕಾರಿ ಸಮಾಧಾನ ಹೇಳಿದರಂತೆ.

"ಸಂಬಳಕ್ಕೇನ್ ಧಾಡಿಲ್ಲವಾ," ಎಂದಿದ್ದರು ಕಾಕಾ, ನಮ್ಮ ಮನೆಗೆ ಬಂದು. "ಆದ್ರ ಮುಂಜಾನಿಂದ ಸಂಜೀತನಕ ಗ್ವಾಡಿಗೆ ಮುಖ ಮಾಡಿ ಕುಂಡ್ರು ಅಂದ್ರ ನಾ ಏನ್ ದೇವರ ಮೂರ್ತೀ ಏನು? ಮೂರ್ತಿಗಾದ್ರೂ ಮಂದಿ ಬಂದು ಕೈ ಮುಗೀತಾರ."

ಆಗ ನಾನೇ ಮುಂದೆ ಬಿದ್ದು ಹೇಳಿದ್ದು, ನಮ್ಮ ಕಂಪನಿಯ ಸಿಡಿಯಲ್ಲಿ ಅಂಥದ್ದೊಂದು ಇದೆ, ಪುಕ್ಕಟೆ ಕೊಡುತ್ತೇವೆ ಎಂದು. ಅಧಿಕಾರಿ ಒಪ್ಪಿದರು. ಒಂದು ಹಳೆಯ ಕಂಪ್ಯೂಟರ್ ಕೊಟ್ಟರು. ಸ್ವಲ್ಪ ದಿನ ಅಭ್ಯಾಸ ಮಾಡಿ, ಆಮೇಲೆ ನಾನೇ ಬಂದು ಪರೀಕ್ಷಿಸುತ್ತೇನೆ; ಕರೆ ಮಾಡಿದವರನ್ನು ಕಾಯಿಸದೆ ಲೈನ್ ಕೊಟ್ಟರೆ ಟೆಲಿಫೋನ್ ಬೋರ್ಡ್ ನಿಮ್ಮದೇ, ಇಲ್ಲವಾದರೆ ಟಪಾಲು ವಿಭಾಗದ ಕುರ್ಚಿ ಎಂದರು. ಅಲ್ಲಿಯವರೆಗೆ ಬೋರ್ಡನ್ನು ಇನ್ನೊಬ್ಬರಿಗೆ ವಹಿಸಿ, ಕಾಕಾನನ್ನು ಪಕ್ಕದ ಮೇಜಿಗೆ ಕೂರಿಸಿದರು. ಅಭ್ಯಾಸದ ನಡುವೆ ಅವರು ನನಗೆ ಫೋನ್ ಮಾಡುತ್ತಿದ್ದರು. ಬೈಗುಳ ಮುಗಿದ ಮೇಲೆ ನಮ್ಮಪ್ಪನ ಮಂಡಿನೋವು, ಕಾಲೋನಿಯ ನೀರಿನ ಜಗಳ, ಕ್ರಿಕೆಟ್ಟು, ಎಲ್ಲ ಬರುತ್ತಿದ್ದವು. "ಟೈಮ್ ಭಾಳ ಐತವಾ ನನ್ನ ಹಂತ್ಯಾಕ," ಎನ್ನುತ್ತಿದ್ದರು.

ನಮ್ಮ ಕಂಪನಿ ಇದ್ದದ್ದು ಅಮೀರ್‌ಪೇಟ್‌ನಲ್ಲಿ, ಒಂದು ಕೋಚಿಂಗ್ ಸೆಂಟರಿನ ಮೇಲಿನ ಮಹಡಿಯಲ್ಲಿ. ಐಟಿಯ ಬಿಸಿ ಏರಿದ್ದ ದಿನಗಳು. ಬೀದಿಗೆ ಬಂದರೆ ಕೈಗೆ ಜಾವಾ ಕೋರ್ಸಿನ ಚೀಟಿ ತುರುಕದೆ ಯಾರೂ ಬಿಡುತ್ತಿರಲಿಲ್ಲ. ನಮ್ಮ ಕೆಲಸ ಮಾತ್ರ ಅಷ್ಟು ಠಾಕುಠೀಕಿನದಲ್ಲ. ಲೋಕದ ಮೂಲೆಮೂಲೆಯಲ್ಲಿ ಯಾರ್ಯಾರೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಪ್ರೋಗ್ರಾಮುಗಳನ್ನು ತಂದು, ಕಂಪೈಲ್ ಮಾಡಿ, ಒಂದಕ್ಕೊಂದು ಹೊಂದುವಂತೆ ಕಟ್ಟುಕಟ್ಟಿ ಸಿಡಿಗೆ ತುಂಬುವುದು. ಒಂದೊಂದು ಕಟ್ಟಿಗೂ ಪ್ಯಾಕೇಜ್ ಎನ್ನುತ್ತೇವೆ. ಒಂದೊಂದರ ಮೇಲೂ ಅದನ್ನು ಕಟ್ಟಿದವರ ಹೆಸರು ಇರುತ್ತದೆ. ಮಾತಾಡುವ ಪ್ಯಾಕೇಜಿನ ಮೇಲೆ ಇದ್ದದ್ದು ನನ್ನ ಹೆಸರು.

ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರದ ಆಜ್ಞೆಗಳಾಗಿ ಬದಲಿಸುವುದು ಕಂಪೈಲರ್. ಸುಮ್ಮನೆ ಇದ್ದದ್ದನ್ನು ಇದ್ದಂತೆ ಬದಲಿಸು ಎಂದು ಹೇಳಬಹುದು. ಇಲ್ಲವೇ ಆಪ್ಟಿಮೈಸ್ ಮಾಡು, ಅಂದರೆ ಬೇಡದ ಕೆಲಸ ಕಿತ್ತುಹಾಕು, ಹಿಂದುಮುಂದು ಮಾಡಿದರೂ ಪರವಾಗಿಲ್ಲ, ಬೇಗ ಓಡುವಂತೆ ಮಾಡು ಎನ್ನಬಹುದು. ನಮ್ಮ ಯಜಮಾನರಿಗೆ ಎರಡನೆಯದರ ಹುಚ್ಚು. ಬೇರೆಯವರು ನಡುಮಟ್ಟದಲ್ಲಿ ನಿಲ್ಲಿಸಿದರೆ ನಮ್ಮಲ್ಲಿ ಎಲ್ಲ ಪ್ಯಾಕೇಜಿಗೂ ಕೊಟ್ಟಕೊನೆಯ ಮಟ್ಟ, ಓ-ತ್ರೀ. ಸಿಡಿಯ ಹೊದಿಕೆಯ ಮೇಲೆ ಓಡುವ ಚಿರತೆಯ ಚಿತ್ರ ಬೇರೆ.

ಮೊದಲಿಗೆ ಕಾಕಾನ ದೂರನ್ನು ನಾವು ಯಾರೂ ಸರಿಯಾಗಿ ನಂಬಲಿಲ್ಲ. ಆಫೀಸಿನಲ್ಲಿ ಅದೇ ಪ್ಯಾಕೇಜಿನಿಂದ ಪುಟಗಟ್ಟಲೆ ಇಂಗ್ಲಿಷ್ ಓದಿಸಿದೆ. ದನಿ ತುಸು ಮೂಗಿನಲ್ಲಿ ಬರುತ್ತಿತ್ತು ಅಷ್ಟೇ, ಕಿರುಚಾಟವಿಲ್ಲ. ಹೆಡ್‌ಫೋನ್ ಕೆಟ್ಟಿರಬೇಕೆಂದು ಹೊಸದು ಕಳಿಸಿದೆ. ಸೌಂಡ್ ಕಾರ್ಡ್ ಬದಲಿ ಮಾಡಿಸಿದೆ. "ಹೊಸ ಹೆಡ್‌ಫೋನ್ ಚಲೋ ಐತಿ," ಎಂದು ಕಾಕಾ ಫೋನ್ ಮಾಡಿದರು. "ಚೀರೂದು ಈಗ ಸ್ಪಷ್ಟ ಕೇಳ್ತೈತಿ."

ನನಗೆ ರೇಗಿತು. ಸಿಕಂದರಾಬಾದಿನಲ್ಲಿ ಬಸ್ಸು ಬದಲಿಸಿ ನಾಚಾರಂ ದಾಟಿ ಕಾರ್ಖಾನೆಗೆ ಹೋದೆ. ಕಾಕಾನ ಪಕ್ಕ ಕುಳಿತು, ಹೆಡ್‌ಫೋನಿನ ಒಂದು ಬದಿಯನ್ನು ನನ್ನ ಕಿವಿಗೆ ಒತ್ತಿಕೊಂಡೆ. ಅವರು ಕೀಲಿ ಒತ್ತಿದರು. ಕೇಳಿಸಿದ್ದು ಮಾತೇ ಅಲ್ಲ. ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಚಟಚಟ ಸದ್ದು.

"ಇದೇನ್ರಿ ಕಾಕಾ, ಪೂರಾ ಕೆಟ್ಟೈತಲ್ಲ!"

"ಏನ್ ಕೆಟ್ಟೈತಿ? ಸ್ಟೋರ್ಸ್, ಸ್ಟೋರ್ಸ್ ಆಫೀಸರ್, ಅವರ ಮನಿ ನಂಬರ್, ಇಷ್ಟು ಹೇಳಿತು. ನಿನಗ ಕೇಳಲಿಲ್ಲೇನು?"

ಅವರು ವೇಗವನ್ನು ತುತ್ತತುದಿಗೆ ಏರಿಸಿ ಇಟ್ಟಿದ್ದರು. ಕಣ್ಣು ಕಾಣದವರು ಕಂಪ್ಯೂಟರನ್ನು ಹೀಗೆಯೇ ಕೇಳುವುದಂತೆ. ನಾವು ಪುಟದ ಮೇಲೆ ಕಣ್ಣಾಡಿಸಿದ ಹಾಗೆ. ನಿಧಾನಕ್ಕೆ ಇಟ್ಟರೆ ನಿದ್ದೆ ಬರುತ್ತದೆ ಎಂದರು. ನಮ್ಮ ಆಫೀಸಿನಲ್ಲಿ ಎಲ್ಲರೂ ಕಣ್ಣಿದ್ದವರು. ನಮಗೆ ಅರ್ಥವಾಗುವ ವೇಗದಲ್ಲಿ ಓದಿಸಿ, ಎಲ್ಲ ಸರಿಯಿದೆ ಎಂದು ಮುದ್ರೆ ಒತ್ತಿದ್ದೆವು. ಇವರ ವೇಗದಲ್ಲಿ ಯಾರೂ ಒಮ್ಮೆಯೂ ಓಡಿಸಿ ನೋಡಿರಲಿಲ್ಲ. ನಾನು ಹಾಗೇ ಕೂತಿರುವಾಗ ಕಾಕಾ ಇನ್ನೊಂದು ಹೆಸರಿಗೆ ಹೋದರು, ಹೆಡ್‌ಫೋನ್ ಕಿರುಚಿತು. ಕಿವಿಯಿಂದ ಹಲ್ಲಿನವರೆಗೆ ಝುಮ್ಮೆಂದು ನೋವು. ಇಬ್ಬರೂ ಒಟ್ಟಿಗೇ ಹೆಡ್‌ಫೋನ್ ಬಿಸಾಕಿದೆವು.

"ಈಗ ನಂಬಿಕಿ ಬಂತೇನು ಮೇಡಂ?" ಎಂದರು ಕಾಕಾ.

ಮರುದಿನ ಆಫೀಸಿನಲ್ಲಿ ವೇಗ ಏರಿಸಿ, ಕಾಕಾನ ಕಂಪ್ಯೂಟರಿನಿಂದ ತಂದ ಹೆಸರುಗಳ ಪಟ್ಟಿಯನ್ನೇ ಸ್ಪೀಕರಿನಲ್ಲಿ ಓದಿಸಿದೆ. ಎರಡನೆಯ ಹೆಸರಿಗೇ ಕಿರುಚಿತು. ಕೆಳಗಿನ ಕೋಚಿಂಗ್ ಸೆಂಟರಿನ ಮೇಷ್ಟ್ರು ಮೇಲೆ ಓಡಿಬಂದು ಯಾರಿಗಾದರೂ ಕರೆಂಟ್ ಹೊಡೆಯಿತೇ ಎಂದು ಕೇಳಿದರು. ನನಗೋ ಖುಷಿ. ಕಣ್ಣೆದುರು ಬಂದ ತಪ್ಪು ಅರ್ಧ ಸಿಕ್ಕಿಬಿದ್ದ ಹಾಗೆ. ಓ-ತ್ರೀ ಮೇಲೆ ಅನುಮಾನ ಬಂದು, ಆಪ್ಟಿಮೈಸ್ ಮಾಡಬೇಡ ಎಂದು ಕಂಪೈಲರಿಗೆ ಹೇಳಿ ಪ್ಯಾಕೇಜನ್ನು ಮತ್ತೆ ಕಟ್ಟಿದೆ. ಅದೇ ಹೆಸರುಗಳು, ಅದೇ ವೇಗ. ಕಿರುಚಾಟ ಮಾಯ! ಕುಣಿಯುವುದೊಂದು ಬಾಕಿ. ಅದನ್ನು ಸಿಡಿಗೆ ಹಾಕಿಕೊಂಡು ಅದೇ ಮಧ್ಯಾಹ್ನ ಮತ್ತೆ ಬಸ್ಸು ಹತ್ತಿದೆ.

ನಮ್ಮ ಆಫೀಸಿನ ಯಂತ್ರ ಹೊಸದು. ಕಾರ್ಖಾನೆಯವರು ಕೊಟ್ಟದ್ದು ಮೂಲೆಗೆ ಸೇರಿದ್ದ ಮುದಿ ಯಂತ್ರ. ಆಪ್ಟಿಮೈಸ್ ಆಗದ ಪ್ರೋಗ್ರಾಮು ಅದರಲ್ಲಿ ಏದುಸಿರು ಬಿಟ್ಟಿತು. ಕಾಕಾ ಕೀಲಿ ಒತ್ತಿದರೆ ಮೊದಲು ಮೌನ, ಆಮೇಲೆ ತುಂಡುತುಂಡಾಗಿ ಮಾತು. ಬೋರ್ಡಿನವರನ್ನು ಕೇಳಿ ಒಂದು ನಿಜವಾದ ಕರೆ ತೆಗೆದುಕೊಂಡೆವು. ಆ ಕಡೆಯವರು ಹಲೋ ಹಲೋ ಎನ್ನುತ್ತಲೇ ಇದ್ದರು, ಈ ಕಡೆ ಹೆಸರಿನ ಅರ್ಧವೂ ಬಂದಿರಲಿಲ್ಲ. ಕಾಕಾ ಬೈಯಲಿಲ್ಲ. ಹೆಡ್‌ಫೋನನ್ನು ಮೆಲ್ಲಗೆ ತೆಗೆದು ಮಡಚಿ ಇಟ್ಟರು. ಅವರು ಬೈದಿದ್ದರೆ ಚೆನ್ನಾಗಿತ್ತು.

"ಬಿಡವಾ," ಎಂದರು. "ಟಪಾಲ್ ಸೆಕ್ಷನ್ನಿನಾಗ ಫ್ಯಾನ್ ಚಲೋ ಐತಂತ."

"ನೀವು ಸುಮ್ಮಕುಂಡ್ರಿ ಕಾಕಾ!" ಎಂದು ಜೋರಾಗಿಯೇ ಅಂದುಬಿಟ್ಟೆ. ಬೋರ್ಡಿನವರು ತಿರುಗಿ ನೋಡಿದರು.

ಯಜಮಾನರು ತೆಲುಗಿನವರು, ಒಳ್ಳೆಯವರೇ, ಆದರೆ ಸಿಡಿ ಅಚ್ಚಿಗೆ ಹೋಗುವ ವಾರ ಅವರಿಗೆ ಬೇರೆ ಲೋಕ ಕಾಣುವುದಿಲ್ಲ. ನನ್ನ ಕಥೆ ಕೇಳಿ ಥಟ್ಟನೆ ದಾರಿ ಹೇಳಿದರು. "ಚೂಡಮ್ಮಾ, ಇಲ್ಲಿ ನೋಡು, ಹೆಚ್ಚು ವೇಗಕ್ಕೆ ಹೋದರೆ ತಾನೇ ಕಿರುಚುವುದು? ಹೋಗದ ಹಾಗೆ ಮಾಡು. ಇಷ್ಟಕ್ಕಿಂತ ಮೇಲೆ ವೇಗ ಏರಕೂಡದು ಎಂದು ಒಂದು ಸಾಲು ಬರೆ. ಮುಗಿಯಿತು. ಅಷ್ಟು ವೇಗ ಯಾರಿಗೆ ಬೇಕು?"

ಪಿತ್ತ ನೆತ್ತಿಗೇರಿತು. ಯಾರಿಗೆ ಬೇಕು ಎಂದರೆ? ಯಾರಿಗಾಗಿ ಈ ಪ್ಯಾಕೇಜೋ ಅವರಿಗೇ ಬೇಕು! ಆದರೂ ಜಾಗಕ್ಕೆ ಹೋಗಿ ಕುಳಿತೆ. ಒಂದೇ ಸಾಲು. ಬರೆದರೆ ನಮ್ಮ ಸಿಡಿಗೆ ಕಳಂಕವಿಲ್ಲ, ನನ್ನ ಹೆಸರಿಗೂ ಇಲ್ಲ. ಕಾಕಾ ಮಾತ್ರ ಪರೀಕ್ಷೆಯಲ್ಲಿ ತೆವಳುತ್ತಾರೆ. ಎದ್ದು ಯಜಮಾನರ ಕೋಣೆಗೆ ವಾಪಸು ಹೋದೆ.

"ಸರ್, ಆ ಸಾಲು ನಾನು ಬರೆಯುವುದಿಲ್ಲ. ತಪ್ಪು ಸಿಕ್ಕರೆ ಸರಿ, ಸಿಗದಿದ್ದರೆ ಪ್ಯಾಕೇಜನ್ನೇ ಸಿಡಿಯಿಂದ ತೆಗೆಯುತ್ತೇನೆ. ಹೊದಿಕೆಯ ಮೇಲೆ ಅದರ ಹೆಸರಿದ್ದರೆ ನೀವೇ ಅಳಿಸಿಕೊಳ್ಳಿ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮೊಂಡಿ," ಎಂದರು. ತೆಲುಗಿನಲ್ಲೂ ಅದಕ್ಕೆ ಅದೇ ಅರ್ಥ. "ಶನಿವಾರ ಅಚ್ಚಿಗೆ ಹೋಗುತ್ತದೆ. ಅಲ್ಲಿಯವರೆಗೆ ಬೇರೆ ಕೆಲಸ ಕೊಡುವುದಿಲ್ಲ, ಹೋಗು." ಕಾಕಾನ ಪರೀಕ್ಷೆ ಇದ್ದದ್ದು ಅದರ ಮರು ಸೋಮವಾರ.

ಹಠಕ್ಕೆ ಬಿದ್ದೆ. ಕಿರುಚುವ ಆವೃತ್ತಿ, ಕಿರುಚದ ಆವೃತ್ತಿ, ಎರಡರಿಂದಲೂ ಒಂದೇ ಹೆಸರು ಓದಿಸಿ ದನಿಯನ್ನು ಫೈಲಿಗೆ ಇಳಿಸಿ ಹೋಲಿಸಿದೆ. ಎಲ್ಲಿ ಬೇರೆಯಾಗುತ್ತವೋ ಅಲ್ಲಿ ಕಳ್ಳ ಎಂದು ನನ್ನ ಲೆಕ್ಕ. ಆದರೆ ಮೊದಲಿನಿಂದ ಕೊನೆಯವರೆಗೂ ಬೇರೆ ಬೇರೆಯೇ! ಆಪ್ಟಿಮೈಸ್ ಆದಾಗ ದಶಾಂಶ ಲೆಕ್ಕಗಳ ಕಟ್ಟಕಡೆಯ ಅಂಕಿ ಒಂದಿಷ್ಟು ಅತ್ತಿತ್ತ ಆಗುತ್ತದೆ. ಕಿವಿಗೆ ಗೊತ್ತಾಗದು, ಹೋಲಿಕೆಗೆ ಮಾತ್ರ ಎಲ್ಲವೂ ತಪ್ಪಾಗಿ ಕಾಣುತ್ತದೆ. ಕಿವಿಯಿಂದಲೇ ಕೇಳಿ ನೋಡೋಣವೆಂದರೆ ಕೆಳಗಿನ ಮೇಷ್ಟ್ರು ಬಡಿಗೆ ಹಿಡಿದು ಬರುವ ಹಾಗಿದ್ದರು. ಕೊನೆಗೆ ಒಂದು ಪುಟ್ಟ ಪ್ರೋಗ್ರಾಮು ಬರೆದೆ. ಮಾತಿನ ಅಲೆ ಒಂದೇ ಸಮನೆ ನೆತ್ತಿಗೆ ಹೋಗಿ ಅಂಟಿಕೊಂಡು ನಿಲ್ಲುವುದಿಲ್ಲ, ಕಿರುಚಾಟದ ಅಲೆ ನಿಲ್ಲುತ್ತದೆ. ಹಾಗೆ ನಿಂತದ್ದನ್ನು ಕಂಡರೆ 'ಕಿರುಚಿತು' ಎಂದು ಪರದೆಯ ಮೇಲೆ ತೋರಿಸುವಂತೆ ಮಾಡಿದೆ. ಇನ್ನು ಸ್ಪೀಕರ್ ಬೇಕಿರಲಿಲ್ಲ.

ಆಮೇಲೆ ಅರ್ಧ ಮಾಡುವ ಆಟ. ಪ್ರೋಗ್ರಾಮಿನ ಫೈಲುಗಳಲ್ಲಿ ಅರ್ಧವನ್ನು ಓ-ತ್ರೀ ಹಾಕಿ, ಉಳಿದರ್ಧವನ್ನು ಸಾದಾ ಕಂಪೈಲ್ ಮಾಡಿ ಜೋಡಿಸುವುದು. ಕಿರುಚಿದರೆ ತಪ್ಪು ಮೊದಲರ್ಧದಲ್ಲಿ. ಅದನ್ನು ಮತ್ತೆ ಅರ್ಧ ಮಾಡು. ಕೇಳಲು ಸುಲಭ. ಒಂದು ಬೆಳಗೆಲ್ಲ ಹೇಗೆ ಜೋಡಿಸಿದರೂ ಕಿರುಚಿತು. ತಲೆ ಕೆಟ್ಟುಹೋಯಿತು. ಪಕ್ಕದ ಸಹೋದ್ಯೋಗಿ, ಕಂಪೈಲರನ್ನೇ ಕಟ್ಟಿ ಸಿಡಿಗೆ ಹಾಕುವವರು, ನನ್ನ ಹೆಗಲ ಮೇಲಿಂದ ಇಣುಕಿ ನಕ್ಕರು. ನಾನು ಸೂಚನೆ ಬದಲಿಸುತ್ತಿದ್ದೆ, ಆದರೆ ಫೈಲಿನ ಒಳಗೇನೂ ಬದಲಾಗದ್ದರಿಂದ ಯಂತ್ರ ಯಾವುದನ್ನೂ ಹೊಸದಾಗಿ ಕಂಪೈಲ್ ಮಾಡದೆ ಹಳೆಯದನ್ನೇ ಜೋಡಿಸಿ ಕೊಡುತ್ತಿತ್ತು. ಪ್ರತಿಸಲವೂ ಹಳೆಯದನ್ನು ಅಳಿಸಿ ಶುರುಮಾಡಿದೆ.

ಸಂಜೆಗೆ ಒಂದೇ ಫೈಲು ಉಳಿಯಿತು. ದನಿಯನ್ನು ಹುಟ್ಟಿಸುವ ಫೈಲು. ಇದೊಂದನ್ನೇ ಆಪ್ಟಿಮೈಸ್ ಮಾಡದೆ ಬಿಟ್ಟರಾಯಿತಲ್ಲ ಎಂದು ಎದ್ದು ನಿಂತೇಬಿಟ್ಟೆ. ಆದರೆ ಪ್ರೋಗ್ರಾಮಿನ ಹೆಚ್ಚಿನ ದುಡಿಮೆಯೆಲ್ಲ ನಡೆಯುತ್ತಿದ್ದದ್ದು ಆ ಫೈಲಿನಲ್ಲೇ. ಅದು ನಿಧಾನವಾದರೆ ಎಲ್ಲವೂ ನಿಧಾನ. ಮತ್ತೆ ಕುಳಿತೆ. ಫೈಲನ್ನೇ ಒಡೆದು ಒಂದೊಂದು ಫಂಕ್ಷನ್ನನ್ನೂ, ಅಂದರೆ ಒಂದೊಂದು ಕೆಲಸದ ತುಂಡನ್ನೂ, ಬೇರೆ ಮಾಡಿದೆ. ಸ್ವರದ ಏರಿಳಿತ ಲೆಕ್ಕ ಹಾಕುವ ಒಂದು ಸಣ್ಣ ತುಣುಕಿಗೆ ಬಂದು ನಿಂತಿತು. ಅಲ್ಲಿ ಏನಾಗುತ್ತಿದೆ ನೋಡೋಣವೆಂದು, ಆ ಸಂಖ್ಯೆಯನ್ನು ಪರದೆಯ ಮೇಲೆ ಬರೆ ಎಂಬ ಸಾಲು ಸೇರಿಸಿದೆ. ಕಿರುಚಾಟ ನಿಂತುಹೋಯಿತು. ಸಾಲು ತೆಗೆದೆ, ಕಿರುಚಿತು. ಸೇರಿಸಿದೆ, ನಿಂತಿತು. ಅಯ್ಯೋ ಶಿವನೇ! ನೋಡಲು ಹೋದರೆ ಅಡಗಿಕೊಳ್ಳುತ್ತದೆ.

"ಪಕ್ಕಾ ಕಂಪೈಲರ್‌ದೇ ತಪ್ಪು," ಎಂದರು ಸಹೋದ್ಯೋಗಿ. ನನಗೂ ಹಾಗೇ ಅನ್ನಿಸಿತು. ಇಬ್ಬರೂ ಸೇರಿ ಆ ಸಣ್ಣ ತುಣುಕನ್ನು ಕಂಪೈಲರ್ ಬರೆಯುವವರ ಮೇಲಿಂಗ್ ಲಿಸ್ಟಿಗೆ ಕಳಿಸಿ, ನಿಮ್ಮ ಕಂಪೈಲರ್ ಕೆಟ್ಟಿದೆ ಎಂದು ಗತ್ತಿನಿಂದ ಬರೆದೆವು. ಬೆಳಿಗ್ಗೆ ಬಂದು ನೋಡಿದರೆ ಉತ್ತರ ಕಾದಿತ್ತು. ಕಂಪೈಲರ್ ಸರಿಯಿದೆ; ನಿಮ್ಮ ಪ್ರೋಗ್ರಾಮು ಪ್ರೋಗ್ರಾಮಿಂಗ್ ಭಾಷೆಯ ನಿಯಮ ಮುರಿದಿದೆ, ಓದಿಕೊಳ್ಳಿ. ಇಷ್ಟೇ. ನಮಸ್ಕಾರವೂ ಇಲ್ಲ. ಮುಖಕ್ಕೆ ಹೊಡೆದ ಹಾಗಾಯಿತು. ಆದರೂ ಓದಿದೆ, ಕಂಪೈಲರ್ ಹುಟ್ಟಿಸಿದ ಆಜ್ಞೆಗಳನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲಾಗಿ.

ಆ ತುಣುಕಿನಲ್ಲಿ ಒಂದು ಕಳೆಯುವ ಲೆಕ್ಕವಿತ್ತು, ಅದರ ಹಿಂದೆ ವರ್ಗಮೂಲ. ಉತ್ತರ ಸೊನ್ನೆಗಿಂತ ಕೆಳಗಿಳಿದರೆ ಅದನ್ನು ಸೊನ್ನೆ ಮಾಡು ಎಂಬ ಕಾವಲೂ ಇತ್ತು. ಬರೆದವರು ಕಾವಲು ಬೇಗ ಮುಗಿಯಲೆಂದು ಒಂದು ಚಾಲಾಕಿ ಮಾಡಿದ್ದರು. ದಶಾಂಶ ಸಂಖ್ಯೆ ಇಟ್ಟ ಜಾಗವನ್ನೇ ಪೂರ್ಣಾಂಕದ ಜಾಗವೆಂದು ಇನ್ನೊಂದು ಹೆಸರಿನಿಂದ ಕರೆದು, ಅದರ ಚಿಹ್ನೆಯನ್ನಷ್ಟೇ ನೋಡಿಬಿಡುವುದು. ಒಂದೇ ಡಬ್ಬಿಗೆ ಒಂದು ಬದಿ ಉಪ್ಪು, ಇನ್ನೊಂದು ಬದಿ ಸಕ್ಕರೆ ಎಂದು ಚೀಟಿ ಅಂಟಿಸಿದ ಹಾಗೆ. ಭಾಷೆಯ ನಿಯಮದಲ್ಲಿ ಹೀಗೆ ಮಾಡಕೂಡದು. ಆಪ್ಟಿಮೈಸ್ ಮಾಡುವಾಗ ಕಂಪೈಲರ್ ಇವು ಎರಡು ಬೇರೆ ಡಬ್ಬಿಗಳು ಎಂದೇ ನಂಬಿ, ಹೊಸ ಸಂಖ್ಯೆ ಒಳಗೆ ಬೀಳುವ ಮೊದಲೇ ಚಿಹ್ನೆಯನ್ನು ಓದುತ್ತಿತ್ತು. ಕಾವಲಿಗೆ ಕಾಣುತ್ತಿದ್ದದ್ದು ಹಳೆಯ ಸಂಖ್ಯೆ. ಸೊನ್ನೆಗಿಂತ ಕೆಳಗಿನ ಸಂಖ್ಯೆ ನುಸುಳಿ ಹೋಗಿ, ಅದಕ್ಕೆ ವರ್ಗಮೂಲ ಸಿಗದೆ, ಮುಂದಿನ ಲೆಕ್ಕವೆಲ್ಲ ಕಿರುಚಾಟ. ನನ್ನ 'ಪರದೆಯ ಮೇಲೆ ಬರೆ' ಎಂಬ ಸಾಲು ನಡುವೆ ಬಂದಾಗ ಕಂಪೈಲರ್ ಸಂಖ್ಯೆಯನ್ನು ಮೊದಲೇ ಡಬ್ಬಿಗೆ ಹಾಕಿಬಿಡುತ್ತಿತ್ತು, ಅದಕ್ಕೇ ತಪ್ಪು ಅಡಗುತ್ತಿತ್ತು. ಸಾಧಾರಣ ವೇಗದಲ್ಲಿ ಆ ಲೆಕ್ಕ ಸೊನ್ನೆಗಿಂತ ಕೆಳಗೆ ಇಳಿಯುವುದೇ ಇಲ್ಲ. ಇಳಿಯುವುದು ಕಾಕಾನ ವೇಗದಲ್ಲಿ ಮಾತ್ರ.

ಅಂಥ ನಂಬಿಕೆ ಇಟ್ಟುಕೊಳ್ಳಬೇಡ ಎಂದು ಕಂಪೈಲರಿಗೆ ಹೇಳುವ ಸೂಚನೆಯೂ ಒಂದಿದೆ. ಮೊದಲು ಅದನ್ನು ಹಾಕಿ ನೋಡಿದೆ, ಕಿರುಚಾಟ ನಿಂತಿತು, ಅನುಮಾನ ಕಳೆಯಿತು. ಆದರೆ ಅಲ್ಲಿಗೇ ಬಿಟ್ಟರೆ ಮುಂದೆ ಇನ್ಯಾವುದೋ ದೇಶದಲ್ಲಿ ಇದನ್ನು ಕಟ್ಟುವವರು ಇದೇ ಗುಂಡಿಗೆ ಬೀಳುತ್ತಾರೆ, ಅಲ್ಲಿಯ ಯಾವುದೋ ಕಾಕಾನ ಕಿವಿ ಹರಿಯುತ್ತದೆ. ಚಾಲಾಕಿಯನ್ನೇ ಕಿತ್ತುಹಾಕಿ, ಸಂಖ್ಯೆ ಸೊನ್ನೆಗಿಂತ ಕಡಿಮೆಯೇ ಎಂದು ನೇರವಾಗಿ ಕೇಳುವ ಸಾಲು ಬರೆದೆ. ಓ-ತ್ರೀ ಹಾಕಿದೆ. ಕಾಕಾನ ಪಟ್ಟಿಯ ಹೆಸರುಗಳನ್ನೆಲ್ಲ ಓದಿಸಿದೆ. ಪರದೆಯ ಮೇಲೆ 'ಕಿರುಚಿತು' ಬರಲಿಲ್ಲ. ತಿದ್ದುಪಡಿಯನ್ನು ಮೂಲ ಲೇಖಕರಿಗೆ ಕಳಿಸಿದಾಗ, ಅಷ್ಟು ವೇಗದಲ್ಲಿ ಯಾರಾದರೂ ಕೇಳುತ್ತಾರೆಯೇ ಎಂದು ಅವರು ಅಚ್ಚರಿಪಟ್ಟು ಬರೆದರು. ಕೇಳುತ್ತಾರೆ, ನಮ್ಮ ಕಾಕಾ ಕೇಳುತ್ತಾರೆ ಎಂದು ಬರೆದೆ. ಸೇರಿಸಿಕೊಂಡರು. ಶನಿವಾರ ಸಿಡಿ ಅಚ್ಚಿಗೆ ಹೋಯಿತು, ಚಿರತೆಯೂ ಹೋಯಿತು.

ಸೋಮವಾರ ನಾನು ರಜೆ ಹಾಕಿ ಕಾರ್ಖಾನೆಗೆ ಹೋಗಿ, ಸರಿಪಡಿಸಿದ ಪ್ಯಾಕೇಜನ್ನು ಕಾಕಾನ ಯಂತ್ರಕ್ಕೆ ಹಾಕಿದೆ. ಆಡಳಿತಾಧಿಕಾರಿ ಉತ್ತರದ ಕಡೆಯವರು. ಬಂದವರೇ ಮೊದಲು ತಾವೇ ಹೆಡ್‌ಫೋನ್ ಹಾಕಿಕೊಂಡರು. ಕಾಕಾ ಕೀಲಿ ಒತ್ತಿದರು. ಅಧಿಕಾರಿಯ ಹುಬ್ಬು ಗಂಟಿಕ್ಕಿತು. ಹೆಡ್‌ಫೋನ್ ತೆಗೆದು ನನ್ನ ಕಡೆ ತಿರುಗಿದರು. "ಯೇ ತೋ ಅಭೀ ಭೀ ಖರಾಬ್ ಹೈ!"

ನಾನೇ ಕೇಳಿ ನೋಡೋಣವೆಂದು ಕೈ ಚಾಚಿದೆ.

"ಖರಾಬ್ ನಹೀಂ ಸಾಬ್," ಎಂದರು ಕಾಕಾ, ನಗುತ್ತ. "ಯೇ ಮೇರಾ ಸ್ಪೀಡ್ ಹೈ. ಆಪ್ ಫೋನ್ ಕರಾಕೆ ದೇಖೋ."

ಅಧಿಕಾರಿ ಬೇರೆಬೇರೆ ವಿಭಾಗಗಳಿಂದ ಕರೆ ಮಾಡಿಸಿದರು. ಸ್ಟೋರ್ಸ್‌ನಿಂದ, ಗೇಟಿನಿಂದ, ಕ್ಯಾಂಟೀನಿನಿಂದ. ಕೀಲಿಯ ಸದ್ದು, ಹೆಡ್‌ಫೋನಿನ ಒಳಗೆ ಕ್ಷಣಮಾತ್ರ ಚಟಚಟ, ಆಚೆ ಎಲ್ಲೋ ಗಂಟೆ ಹೊಡೆದುಕೊಳ್ಳುವುದು. ಕರೆ ಮಾಡಿದವರು ಹೆಸರಿನ ಜೊತೆಗೆ ಹುದ್ದೆ ಹೇಳುವಷ್ಟರಲ್ಲಿ ಲೈನ್ ಹೋಗಿರುತ್ತಿತ್ತು. ನಾನು ಪ್ರತಿ ಕರೆಗೂ ಕಿರುಚಾಟಕ್ಕೆ ಕಾಯುತ್ತಿದ್ದೆ. ಬರಲಿಲ್ಲ. ಬೇಕೆಂದೇ ತೊಡಕಿನ ಹೆಸರುಗಳನ್ನು ಕೇಳಿಸಿದರು, ಎರಡು ಕರೆ ಒಟ್ಟಿಗೆ ತಂದರು. ಕೊನೆಗೆ ಅಧಿಕಾರಿ ಸಾಕು ಎಂದು ಕೈಯೆತ್ತಿದರು. ಅದು ಕಾಕಾನಿಗೆ ಕಾಣದೆಂದು ನೆನಪಾಗಿ, ಬಾಯಿಬಿಟ್ಟು ಹೇಳಿದರು. "ಕಲ್ ಸೇ ಬೋರ್ಡ್ ಪರ್ ಬೈಠಿಯೇ." ನಾಳೆಯಿಂದ ಬೋರ್ಡ್ ಮತ್ತೆ ಕಾಕಾನದು.

ಕಾಕಾ ನನ್ನ ಕಡೆ ತಿರುಗಿದರು. ನನ್ನ ತಲೆ ಎಲ್ಲಿದೆ ಎಂದು ಹುಡುಕಿ, ಅದರ ಮೇಲೊಂದು ಮೊಟಕಿದರು. ನನಗೆ ಅಳು ಬಂತು, ಅತ್ತೆ.

ಮರುದಿನ ಬೆಳಿಗ್ಗೆ ಆಫೀಸಿನಲ್ಲಿ ಕೆಲಸ ಹತ್ತಲಿಲ್ಲ. ಚಹಾ ತರಿಸಿಕೊಂಡು, ಕುರ್ಚಿಯಲ್ಲಿ ಒರಗಿ, ಕಾರ್ಖಾನೆಗೆ ಫೋನ್ ಹಚ್ಚಿದೆ. ಒಂದೇ ಗಂಟೆಗೆ ಎತ್ತಿದರು.

"ಕಾಕಾ, ನಾನ್ರಿ. ಹೆಂಗ್ ನಡದೈತ್ರಿ? ಚೀರಾಕತ್ತಿಲ್ಲ ಹೌದಿಲ್ಲೋ? ಅಪ್ಪ ಹೇಳಾಕತ್ತಿದ್ದ, ಐತಾರ ನೀವು ಮನೀಗೆ..."

"ಸ್ವಲ್ಪ ತಡಿಯವಾ."

ಹೋಲ್ಡ್ ಸಂಗೀತ ಶುರುವಾಯಿತು. ಚಹಾ ಅರ್ಧ ಮುಗಿಯಿತು. ಸಂಗೀತ ನಿಂತಿತು.

"ಏನಂದಿ? ನಿಲ್ಲು, ಇನ್ನೊಂದ್ ಲೈನ್ ಬಂತು." ಮತ್ತೆ ಸಂಗೀತ. ಚಹಾ ಪೂರ್ತಿ ಮುಗಿಯಿತು. ಕೊನೆಗೊಮ್ಮೆ ಅವಸರದ ದನಿ ಬಂತು. "ಏ, ಇಡು ಇಡು, ಆಮ್ಯಾಲ ಮಾತಾಡೂಣು. ನನಗ ಟೈಮಿಲ್ಲವಾ."

ಲೈನ್ ಕಟ್ ಆಯಿತು. ನಾನು ರಿಸೀವರ್ ಹಿಡಿದುಕೊಂಡು ಒಬ್ಬಳೇ ನಗುತ್ತ ಕೂತಿದ್ದೆ.